ಸಂಘದ ಕಂಪ್ಯೂಟರು ಮತ್ತು ಆಡಳಿತ ಮಂಡಳಿಯ ಹೊಣೆ

(ಬೆಳ್ಳಿಹಬ್ಬದ ಅಂಗವಾಗಿ ಸಂಘದ ಆವರಣದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬಕ್ಕೆ ಒಬ್ಬೊಬ್ಬ ನಿರ್ದೇಶಕರೂ ಒಂದೊಂದು ವಿಷಯದ ಮೇಲೆ ಮಾತಾಡಬೇಕು ಅಂತ ಸಮಿತಿಯಲ್ಲಿ ತೀರ್ಮಾನವಾಯಿತು. ಹಸಿರು ಮೇವು, ಕೆಚ್ಚಲು ಬಾವು, ಸಂಘದ ಚರಿತ್ರೆ ಇವನ್ನೆಲ್ಲಾ ಬುದ್ಧಿವಂತರು ಮೊದಲೇ ಹಿಡಿದುಕೊಂಡರು. ನನ್ನ ಪಾಲಿಗೆ ಉಳಿದದ್ದು ಕಂಪ್ಯೂಟರು. ಎಸ್.ಎಸ್.ಎಲ್.ಸಿ. ಓದಿದ ರೈತ ಕಂಪ್ಯೂಟರಿನ ಬಗ್ಗೆ ಏನು ಹೇಳಿಯಾನು ಅಂತ ಹಿಂದಿನ ಸಾಲಿನಲ್ಲಿ ಒಂದಿಬ್ಬರು ನಗ್ತಾ ಇದ್ದೀರಿ. ನಗಿ, ಪರವಾಗಿಲ್ಲ. ನಾನು ಅದನ್ನು ನಡೆಸುವುದು ಹೇಗೆ ಅಂತ ಹೇಳುವುದಕ್ಕೆ ನಿಂತಿಲ್ಲ. ಅದು ನಮ್ಮ ಪರೀಕ್ಷಕರಿಗೆ ಗೊತ್ತು. ಅದನ್ನು ಆಳುವುದು ಹೇಗೆ ಅನ್ನುವುದು ನನ್ನ ವಿಷಯ. ನಡೆಸುವುದು ಬೇರೆ, ಆಳುವುದು ಬೇರೆ. ಗಾಡಿ ಹೊಡೆಯೋನು ಆಳುಮಗ ಇರಬಹುದು. ಗಾಡಿ ಯಾವ ಸಂತೆಗೆ ಹೋಗಬೇಕು, ಎಷ್ಟು ಮೂಟೆ ಹೇರಬೇಕು, ಅಚ್ಚಿಗೆ ಕೀಲೆಣ್ಣೆ ಹಾಕೋದು ಯಾರು ಅನ್ನೋದನ್ನ ಮನೆ ಯಜಮಾನ ಹೇಳಬೇಕು. ಯಜಮಾನ ಬಾಯಿ ಮುಚ್ಚಿಕೊಂಡು ಕೂತರೆ ಎತ್ತು ಎಳೆದ ಕಡೆಗೆ ಗಾಡಿ ಹೋಗುತ್ತೆ.

ಸಂಘ ಶುರುವಾದ ಕಾಲದಲ್ಲಿ ಹಾಲಿನ ಪರೀಕ್ಷೆ ಹೇಗಿತ್ತು ಅಂತ ಹಿರಿಯರಿಗೆ ನೆನಪಿದೆ. ಗಾಜಿನ ಬ್ಯುಟಿರೋಮೀಟರಿಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೊಹಾಲ್ ಹಾಕಿ, ಬಿರಡೆ ಬಿಗಿದು, ಯಂತ್ರದಲ್ಲಿ ಗಿರಗಿರ ತಿರುಗಿಸಿದರೆ ಕೊಬ್ಬು ಬೇರೆಯಾಗಿ ಮೇಲೆ ನಿಲ್ಲುತ್ತಿತ್ತು. ಅದರ ಗೆರೆ ನೋಡಿ ಫ್ಯಾಟು ಬರೆಯುತ್ತಿದ್ದರು. ಅದಕ್ಕೆ ಗರ್ಬರ್ ವಿಧಾನ ಅಂತ ಹೆಸರು. ವಿಧಾನ ಒಳ್ಳೆಯದೇ. ಆದರೆ ಬರೆಯೋ ಕೈ ಮನುಷ್ಯರದ್ದಲ್ಲವೆ? ಅವರ ಕಡೆಯವರಿಗೆ ಒಂದು ಗೆರೆ ಜಾಸ್ತಿ ಬಿತ್ತು, ನಮಗೆ ಕಮ್ಮಿ ಬಿತ್ತು ಅಂತ ದಿನಾ ಜಗಳ. ಒಂದು ಸಲ ಜಗಳ ಹೊಸ್ತಿಲು ದಾಟಿ ದೇವಸ್ಥಾನದ ಕಟ್ಟೆವರೆಗೂ ಹೋಗಿತ್ತು.

ಹಾಗಾಗಿ ಏಳು ವರ್ಷದ ಹಿಂದೆ ಹಾಲು ಪರೀಕ್ಷಿಸುವ ಎಲೆಕ್ಟ್ರಾನಿಕ್ ಯಂತ್ರ, ತೂಕದ ಯಂತ್ರ, ಕಂಪ್ಯೂಟರು, ಚೀಟಿ ಬರುವ ಪ್ರಿಂಟರು ಎಲ್ಲಾ ಬಂದಾಗ ಊರಿಗೆ ಊರೇ ಸಂತೋಷಪಟ್ಟಿತು. ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಈಡುಗಾಯಿ ಒಡೆದೆವು. ನಾವು ನಿರ್ದೇಶಕರೆಲ್ಲಾ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು. ಆ ಫೋಟೋ ಇದೇ ಸಂಚಿಕೆಯಲ್ಲಿ ಅಚ್ಚಾಗಿದೆ. ಇನ್ನು ಮುಂದೆ ಮನುಷ್ಯರ ಮಾತಿಲ್ಲ, ಯಂತ್ರದ ಮಾತೇ ಮಾತು ಅಂದುಕೊಂಡೆವು. ನಾವು ತಪ್ಪಿದ್ದು ಅಲ್ಲೇ.

ಆವತ್ತಿನ ಸಮಿತಿ ನಡಾವಳಿಯನ್ನು ಈ ಭಾಷಣಕ್ಕೆ ಅಂತ ಮೊನ್ನೆ ತೆಗೆಸಿ ಓದಿದೆ. ಅರ್ಧ ಪುಟ ಇದೆ. ಮೂರು ದರಪಟ್ಟಿ ಬಂದಿದ್ದವು, ಕಡಿಮೆ ದರದವರಿಗೆ ಕೊಡಲು ಒಪ್ಪಲಾಯಿತು, ಇಷ್ಟೇ. ಯಂತ್ರವನ್ನು ದಿನಾ ತೊಳೆಯೋರು ಯಾರು, ಕೆಟ್ಟರೆ ಎಷ್ಟು ದಿನದಲ್ಲಿ ಬರ್ತಾರೆ, ಲೆಕ್ಕ ಸರಿಯಿದೆಯಾ ಅಂತ ತಾಳೆ ನೋಡೋದು ಹೇಗೆ, ಕಂಪ್ಯೂಟರಿನಲ್ಲಿರೋ ಅಂಕಿ ತಿದ್ದೋ ಅಧಿಕಾರ ಯಾರಿಗೆ, ಒಂದು ಪ್ರಶ್ನೆಯೂ ಇಲ್ಲ. ಸಹಿ ಮಾಡಿದವರಲ್ಲಿ ನಾನೂ ಒಬ್ಬ.

ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ನಮ್ಮ ಸಂಘದ ಒಬ್ಬ ತಾಯಿ, ಊರಾಚೆ ತೋಟದ ಮನೆಯವರು, ಅವರ ಫ್ಯಾಟು ಇಳಿಯುತ್ತಾ ಬಂತು. 4.1 ಬರುತ್ತಿದ್ದದ್ದು 3.6, 3.4, ಕೊನೆಗೆ 3.2. ಎಸ್.ಎನ್.ಎಫ್. ಸಹ ಬಿತ್ತು. ನೀರು ಹಾಕ್ತಾರೆ ಅಂತ ಗುಸುಗುಸು ಶುರುವಾಯಿತು. ಸಮಿತಿಯಿಂದ ಅವರಿಗೆ ಎಚ್ಚರಿಕೆ ಪತ್ರ ಹೋಯಿತು. ಆಯಮ್ಮ ಸಂಘದ ಬಾಗಿಲಿಗೆ ಬಂದು ನನ್ನನ್ನೇ ಹಿಡಿದು ನಿಲ್ಲಿಸಿದರು. "ನೋಡಪ್ಪಾ, ನೀನೇ ನಮ್ಮನೆ ಕೊಟ್ಟಿಗೆಗೆ ಬಾ. ನನ್ನ ಕಣ್ಮುಂದೆ ನೀನೇ ಹಾಲು ಕರಕೊ. ನೀನೇ ತಂದು ಹಾಕು" ಅಂದರು. ನಾನು ಏನಂದೆ ಗೊತ್ತೆ? "ಅಕ್ಕಾ, ಮಿಷನ್ನಿಗೆ ನಿಮ್ಮ ಮೇಲೆ ಏನು ದ್ವೇಷ ಇದೆ?" ಅಂದೆ. ಎಲ್ಲರೂ ನಕ್ಕರು. ಅವರು ಕ್ಯಾನು ಎತ್ತಿಕೊಂಡು ಹೋದವರು ಎರಡು ತಿಂಗಳು ಸಂಘದ ಮೆಟ್ಟಿಲು ಹತ್ತಲಿಲ್ಲ. ಹಾಲನ್ನು ಪೇಟೆಯ ಹೋಟೆಲಿಗೆ ಹಾಕಿದರು.

ಆ ಹೊತ್ತಿನಲ್ಲಿ ನನ್ನ ಭಾಮೈದನ ಮಗ ಹಬ್ಬಕ್ಕೆ ಬಂದಿದ್ದ. ಬೆಂಗಳೂರಿನ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸದವನು. ರಾತ್ರಿ ಊಟಕ್ಕೆ ಕೂತಾಗ ಈ ಕಥೆಯನ್ನ ತಮಾಷೆಯಾಗಿ ಹೇಳಿದೆ. ಅವನು ನಗಲಿಲ್ಲ. "ಮಾಮ, ಇಂಗ್ಲೆಂಡಿನ ಪೋಸ್ಟಾಫೀಸಿನಲ್ಲಿ ಇದೇ ಆಗಿದ್ದು" ಅಂದ. ಆವತ್ತು ಅವನು ಅರ್ಧ ಕಥೆ ಹೇಳಿದ. ಉಳಿದರ್ಧ ಆಮೇಲಿನ ವರ್ಷಗಳಲ್ಲಿ ನಡೆಯಿತು. ಅದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕೆಂದರೆ ಅದೂ ನಮ್ಮಂಥ ಹಳ್ಳಿಯವರ ಕಥೆ.

ಅಲ್ಲಿನ ಹಳ್ಳಿಗಳಲ್ಲಿ ಪೋಸ್ಟಾಫೀಸನ್ನು ಅಂಗಡಿ ಇಟ್ಟುಕೊಂಡವರೇ ಗುತ್ತಿಗೆಯ ಮೇಲೆ ನಡೆಸ್ತಾರೆ. ಅವರಿಗೆ ಉಪ ಅಂಚೆಪಾಲಕರು ಅನ್ನಬಹುದು. ಮುದುಕರ ಪಿಂಚಣಿ, ಸ್ಟಾಂಪು, ಉಳಿತಾಯ ಎಲ್ಲಾ ಅವರ ಕೈಯಲ್ಲೇ. 1999ರಿಂದ ಅವರೆಲ್ಲರಿಗೂ ಹೊರೈಜನ್ ಅನ್ನೋ ಕಂಪ್ಯೂಟರ್ ಲೆಕ್ಕ ಬಂತು. ಮಾಡಿಕೊಟ್ಟದ್ದು ಫುಜಿತ್ಸು ಕಂಪನಿ. ಬಂದ ಸ್ವಲ್ಪ ದಿನಕ್ಕೇ ಅಲ್ಲೊಬ್ಬರಿಗೆ ಇಲ್ಲೊಬ್ಬರಿಗೆ ಲೆಕ್ಕ ಕಮ್ಮಿ ತೋರಿಸತೊಡಗಿತು. ಗಲ್ಲಾದಲ್ಲಿ ಇರೋ ದುಡ್ಡಿಗಿಂತ ಕಂಪ್ಯೂಟರು ಹೆಚ್ಚು ಕೇಳುತ್ತಿತ್ತು. ಕಮ್ಮಿ ಬಿದ್ದದ್ದನ್ನು ತುಂಬೋದು ನಿಮ್ಮ ಹೊಣೆ ಅಂತ ಇಲಾಖೆ ಪಟ್ಟು ಹಿಡಿಯಿತು. ಜನ ಮನೆ ಅಡವಿಟ್ಟರು, ನೆಂಟರ ಹತ್ತಿರ ಸಾಲ ತಂದು ತುಂಬಿದರು. ಸಹಾಯಕ್ಕೆ ಫೋನು ಮಾಡಿದರೆ, ಈ ತೊಂದರೆ ನಿಮಗೊಬ್ಬರಿಗೇ, ಬೇರೆ ಯಾರಿಗೂ ಇಲ್ಲ ಅನ್ನೋ ಉತ್ತರ ಎಷ್ಟೋ ಜನಕ್ಕೆ ಸಿಕ್ಕಿತು. ಕಳ್ಳತನದ, ಸುಳ್ಳು ಲೆಕ್ಕದ ಕೇಸು ಹಾಕಿ 1999ರಿಂದ 2015ರೊಳಗೆ 900ಕ್ಕೂ ಹೆಚ್ಚು ಜನಕ್ಕೆ ಶಿಕ್ಷೆಯಾಯಿತು. ಅದರಲ್ಲಿ ಬಹುಪಾಲು ಕೇಸು ಹಾಕಿದ್ದು ಪೋಸ್ಟಾಫೀಸೇ. ನಮ್ಮ ದೇಶದ ಮೂಲದ ಸೀಮಾ ಮಿಶ್ರಾ ಅನ್ನೋ ಹೆಣ್ಣುಮಗಳನ್ನು 2010ರಲ್ಲಿ ಜೈಲಿಗೆ ಕಳಿಸಿದರು. ಆಗ ಆಕೆ ಬಸುರಿ.

ಕೋರ್ಟು ಯಾಕೆ ನಂಬಿತು ಅಂತೀರಾ? ಕಂಪ್ಯೂಟರು ಸರಿಯಾಗಿಯೇ ಕೆಲಸ ಮಾಡ್ತಿದೆ ಅಂತ ಮೊದಲೇ ಊಹಿಸಿಕೊಳ್ಳಬೇಕು ಅನ್ನೋದು ಅಲ್ಲಿನ ಕಾನೂನಿನ ನಿಲುವಾಗಿತ್ತು. ತಪ್ಪಿದೆ ಅನ್ನೋನು ತೋರಿಸಬೇಕು. ಹಳ್ಳಿ ಅಂಗಡಿಯವನು ಎಲ್ಲಿಂದ ತೋರಿಸಿಯಾನು? ಒಳಗಿನ ದಾಖಲೆ ಎಲ್ಲಾ ಅವರ ಕೈಯಲ್ಲಿ. ಕಂಪನಿಯವರು ದೂರದಿಂದಲೇ ಅಂಚೆ ಕಚೇರಿಗಳ ಲೆಕ್ಕದೊಳಗೆ ಕೈಹಾಕಬಹುದಿತ್ತು ಅನ್ನೋ ಸಂಗತಿಯನ್ನು ವರ್ಷಗಟ್ಟಲೆ ಇಲ್ಲ ಇಲ್ಲ ಅಂತಲೇ ಹೇಳಿಕೊಂಡು ಬಂದರು.

ಅಲನ್ ಬೇಟ್ಸ್ ಅಂತ ಒಬ್ಬ, ವೇಲ್ಸಿನ ಕಡಲದಂಡೆ ಊರಿನವನು, ಕಮ್ಮಿ ಬಿದ್ದ ದುಡ್ಡು ನಾನು ಕೊಡಲ್ಲ, ಲೆಕ್ಕ ತೋರಿಸಿ ಅಂತ ಕೂತ. 2003ರಲ್ಲಿ ಅವನ ಗುತ್ತಿಗೆ ಕಿತ್ತುಹಾಕಿದರು. ಅವನು ಬಿಡಲಿಲ್ಲ. ಬೇರೆ ಬೇರೆ ಊರಿನಲ್ಲಿ ಅದೇ ಗೋಳು ತಿಂದವರನ್ನು ಹುಡುಕಿ 2009ರಲ್ಲಿ ಒಂದು ಸಂಘ ಕಟ್ಟಿದ. ನೋಡಿ, ಸಂಘ! ಒಬ್ಬೊಬ್ಬರೇ ಇರೋವರೆಗೂ ಪ್ರತಿಯೊಬ್ಬರೂ ಕಳ್ಳರು. ಒಟ್ಟಿಗೆ ಕೂತು ಲೆಕ್ಕ ಹೋಲಿಸಿಕೊಂಡ ಮೇಲೆ ಗೊತ್ತಾಗಿದ್ದು ಯಂತ್ರದ್ದೇ ತಪ್ಪಿರಬೇಕು ಅಂತ. 2012ರಲ್ಲಿ ಪೋಸ್ಟಾಫೀಸಿನವರೇ ಹೊರಗಿನ ಲೆಕ್ಕ ತಪಾಸಕರನ್ನು ನೇಮಿಸಿದರು. ಅವರು ತೊಂದರೆ ಇದೆ ಅನ್ನೋ ಮಾತಾಡಿದ ಮೇಲೆ, 2015ರಲ್ಲಿ ಅವರನ್ನೇ ಬಿಡಿಸಿ ಕಳಿಸಿದರು. ಕೊನೆಗೆ 555 ಜನ ಸೇರಿ ಹೂಡಿದ ದಾವೆಯಲ್ಲಿ 2019ರ ಡಿಸೆಂಬರಿನಲ್ಲಿ ನ್ಯಾಯಾಧೀಶರು ಹೊರೈಜನ್‌ನಲ್ಲಿ ದೋಷಗಳಿದ್ದವು ಅಂತ ತೀರ್ಪು ಕೊಟ್ಟರು. 2021ರಲ್ಲಿ 39 ಜನರ ಶಿಕ್ಷೆ ಒಂದೇ ದಿನ ರದ್ದಾಯಿತು. 2024ರ ಮೇ ತಿಂಗಳಲ್ಲಿ ಉಳಿದವರಿಗಾಗಿ ಅಲ್ಲಿನ ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು. 2025ರ ಜುಲೈನಲ್ಲಿ ಬಂದ ವಿಚಾರಣಾ ವರದಿಯಲ್ಲಿ, ಇದರಿಂದಾಗಿ 13 ಮಂದಿ ಜೀವ ಕಳೆದುಕೊಂಡಿರಬಹುದು ಅಂತ ಬರೆದಿದೆ.

ಬಂಧುಗಳೆ, ಅಲ್ಲಿನ ನಿರ್ದೇಶಕರು ಓದಿಲ್ಲದವರಾ? ದೊಡ್ಡ ದೊಡ್ಡ ಓದು ಓದಿದವರು. ಕಂಪ್ಯೂಟರು ಗಟ್ಟಿಯಾಗಿದೆ ಅಂತ ಕೆಳಗಿನವರು ಹೇಳಿದರು, ಮೇಲಿನವರು ಅದನ್ನೇ ಒಪ್ಪಿಕೊಂಡರು. ಬೆಳ್ಳಗಿರೋದೆಲ್ಲಾ ಹಾಲಲ್ಲ ಅನ್ನೋದು ನಮ್ಮೂರ ಹಸುಗೂಸಿಗೂ ಗೊತ್ತು. ಆದರೆ ಕಂಪ್ಯೂಟರಿನ ಅಕ್ಷರದಲ್ಲಿ ಅಚ್ಚಾಗಿ ಬಂದರೆ ನಾವೂ ಮರೆತುಬಿಡ್ತೀವಿ.

ಆ ಹುಡುಗ ಮಾರನೇ ದಿನ ಬೆಳಿಗ್ಗೆ ನನ್ನ ಜೊತೆ ಸಂಘಕ್ಕೆ ಬಂದು ಸುಮ್ಮನೆ ಒಂದು ಮೂಲೆಯಲ್ಲಿ ನಿಂತು ನೋಡಿದ. ಆಮೇಲೆ ಪರೀಕ್ಷಕರನ್ನು ಕೇಳಿ ಹಿಂದಿನ 60 ದಿನದ ಪಟ್ಟಿ ತೆಗೆಸಿದ. ಯಾರು ಎಷ್ಟನೆಯವರಾಗಿ ಹಾಲು ಹಾಕಿದರು ಅನ್ನೋ ಕ್ರಮಸಂಖ್ಯೆ ಕಂಪ್ಯೂಟರಿನಲ್ಲೇ ಇತ್ತು. ನಮ್ಮಲ್ಲಿ ಬೆಳಗಿನ ಹೊತ್ತು ಸುಮಾರು ಎಂಬತ್ತು ಜನ ಹಾಲು ಹಾಕ್ತಾರೆ. ಮೊದಲ ನಲವತ್ತು ಜನದ್ದು ಸರಿ ಇತ್ತು. ಅಲ್ಲಿಂದಾಚೆಗೆ ಹೋಗ್ತಾ ಹೋಗ್ತಾ ಅಂಕಿ ಇಳಿಯುತ್ತಿತ್ತು. ಅದೇ ಮನುಷ್ಯ ಬೇಗ ಬಂದ ದಿನ 4, ತಡವಾಗಿ ಬಂದ ದಿನ 3.5. ಯಂತ್ರದ ಕೊಳವೆಯನ್ನು ನಡುನಡುವೆ ಬೆಚ್ಚನೆ ನೀರಿನಲ್ಲಿ ತೊಳೆಯಬೇಕಾಗಿತ್ತಂತೆ, ದಿನದ ಕೊನೆಗೆ ಔಷಧಿ ಹಾಕಿ ತೊಳೆಯಬೇಕಾಗಿತ್ತಂತೆ. ಒಳಗೆ ಹಾಲಿನ ಪಸೆ ಕಟ್ಟಿಕೊಂಡಿತ್ತು. ಆ ತಾಯಿ ತೋಟದ ಮನೆಯಿಂದ ನಡೆದು ಬರಬೇಕು, ದಿನಾ ಕೊನೆಯವರು. ಬೀರುವಿನಲ್ಲಿ ಧೂಳು ಹಿಡಿದಿದ್ದ ಹಳೇ ಬ್ಯುಟಿರೋಮೀಟರು ತೆಗೆದು, ಅವರ ಮನೆಗೆ ಹೋಗಿ ಹಾಲು ತಂದು ಪರೀಕ್ಷೆ ಮಾಡಿಸಿದೆವು. 4.1 ಬಂತು.

ತೊಳೆಯೋದು ಯಾರ ಕೆಲಸ ಅಂತ ವಿಚಾರಿಸಿದೆವು. ಕಂಪನಿಯವರು ಪುಸ್ತಕದಲ್ಲಿ ಬರೆದಿದೆ ಅಂದರು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಡಬ್ಬದಲ್ಲೇ ಇತ್ತು. ಕಾರ್ಯದರ್ಶಿಗಳು ಅದು ಪರೀಕ್ಷಕರ ಕೆಲಸ ಅಂದುಕೊಂಡಿದ್ದರು. ಪರೀಕ್ಷಕರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರಿಬ್ಬರದೂ ತಪ್ಪಲ್ಲ. ಆ ಅರ್ಧ ಪುಟದ ನಡಾವಳಿ ಬರೆದ ನಮ್ಮದು.

ಇನ್ನೊಂದು ಮಾತು ಇದೆ, ಹೇಳೋದಕ್ಕೆ ನಾಚಿಕೆಯಾಗುತ್ತೆ, ಆದರೂ ಹೇಳ್ತೀನಿ. ಸದಸ್ಯರಿಂದ ನಾವು ಕೊಂಡ ಹಾಲಿನ ಫ್ಯಾಟಿಗಿಂತ ಒಕ್ಕೂಟದವರು ನಮ್ಮ ಸಂಘಕ್ಕೆ ಬರೆಯುತ್ತಿದ್ದ ಫ್ಯಾಟು ಆ ತಿಂಗಳುಗಳಲ್ಲಿ ಜಾಸ್ತಿ ಬರುತ್ತಿತ್ತು. ಅಂದರೆ ಸಂಘಕ್ಕೆ ಲಾಭ ತೋರುತ್ತಿತ್ತು. ಆ ಕಾಗದ ಪ್ರತಿ ತಿಂಗಳೂ ನಮ್ಮ ಮುಂದೆ ಬರುತ್ತಿತ್ತು. ನಷ್ಟ ತೋರಿಸಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದೆವು. ಲಾಭ ಅಂತ ನೋಡಿ ಸಂತೋಷವಾಗಿ ಚಹಾ ಕುಡಿದು ಎದ್ದು ಹೋದೆವು. ಅದು ಲಾಭ ಅಲ್ಲ, ಕೊನೆಯಲ್ಲಿ ಬಂದು ಹಾಲು ಹಾಕೋರ ದುಡ್ಡು. ಸಮಿತಿಯಲ್ಲಿ ದೊಡ್ಡ ವಾದವೇ ನಡೆದು, ಕೊನೆಗೆ ಲೆಕ್ಕ ಹಾಕಿ ವ್ಯತ್ಯಾಸದ ಹಣವನ್ನು ಮುಂದಿನ ಬಟವಾಡೆಯಲ್ಲಿ ವಾಪಸು ಕೊಟ್ಟೆವು. ಎಚ್ಚರಿಕೆ ಪತ್ರವನ್ನು ರದ್ದು ಮಾಡಿ, ನಾನೂ ಅಧ್ಯಕ್ಷರೂ ತೋಟದ ಮನೆಗೆ ಹೋಗಿ ತಪ್ಪಾಯಿತು ಅಂದೆವು. ಆಯಮ್ಮ ಏನೂ ಅನ್ನಲಿಲ್ಲ. ಮಜ್ಜಿಗೆ ಕೊಟ್ಟರು. ಒಂದು ವಾರ ಬಿಟ್ಟು ಸಂಘಕ್ಕೆ ಹಾಲು ತಂದರು.

ಇನ್ನು ದೊಡ್ಡ ಕಂಪನಿಗಳು ಇದನ್ನೆಲ್ಲಾ ಹೇಗೆ ನಿಭಾಯಿಸ್ತಾವೆ? ಆ ಹುಡುಗ ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಇಷ್ಟು. ಕಂಪ್ಯೂಟರಿಗೆ ಖರ್ಚು ಮಾಡುವ ಮುಂಚೆ ಇದರಿಂದ ವ್ಯಾಪಾರಕ್ಕೆ ಏನು ಅನುಕೂಲ ಅಂತ ಬರೆದುಕೊಡಬೇಕು. ಬರೆದುಕೊಡೋನು ಕಂಪ್ಯೂಟರ್ ವಿಭಾಗದವನಲ್ಲ, ಅದನ್ನ ಬಳಸಿ ವ್ಯಾಪಾರ ಮಾಡೋ ವಿಭಾಗದ ಯಜಮಾನ. ವರ್ಷ ಆದ ಮೇಲೆ ಅವನನ್ನೇ ಕರೆದು, ಆವತ್ತು ಹೇಳಿದೆಯಲ್ಲಾ, ಆಯಿತಾ ಅಂತ ಕೇಳ್ತಾರೆ. ಆಗದಿದ್ದರೆ ಇನ್ನಷ್ಟು ದುಡ್ಡು ಸುರಿಯೋದಿಲ್ಲ. ಮಾಡೋನು ಒಬ್ಬ, ತಾಳೆ ನೋಡೋನು ಇನ್ನೊಬ್ಬ. ಒಂದು ಅಂಕಿ ತಿದ್ದಿದರೂ ಯಾರು ಯಾವಾಗ ಯಾಕೆ ತಿದ್ದಿದರು ಅಂತ ಗುರುತು ಉಳಿಯಬೇಕು. ಇದಕ್ಕೆ 2008ರಲ್ಲಿ ಅಂತರರಾಷ್ಟ್ರೀಯ ಮಟ್ಟದಲ್ಲಿ ಐ.ಎಸ್.ಒ. 38500 ಅನ್ನೋ ಮಾನದಂಡವೇ ಬಂತು. ಆಗ ಅದು ಆಡಳಿತ ಮಂಡಳಿಗೆ ಹೇಳಿದ ಕೆಲಸ ಮೂರು: ಅಳೆದು ನೋಡೋದು, ದಾರಿ ತೋರಿಸೋದು, ಕಣ್ಣಿಟ್ಟು ಕಾಯೋದು. ಬೇಸಾಯದಲ್ಲಿ ನಾವು ಮಾಡೋದೂ ಅದೇ ಅಲ್ಲವೆ?

ಎಲ್ಲಾ ಕಂಪನಿಗಳೂ ಹಾಗೇ ಮಾಡ್ತಾವೆ ಅಂತ ತಿಳಿಯಬೇಡಿ. ನಮ್ಮ ದೇಶದ ದೊಡ್ಡ ಬ್ಯಾಂಕು ಎಚ್.ಡಿ.ಎಫ್.ಸಿ. ಬ್ಯಾಂಕಿನ ಸೇವೆ ಪದೇ ಪದೇ ನಿಂತುಹೋಗುತ್ತಿತ್ತು. 2020ರ ನವೆಂಬರಿನಲ್ಲಿ ಮುಖ್ಯ ಕಂಪ್ಯೂಟರ್ ಕೇಂದ್ರದಲ್ಲಿ ಕರೆಂಟು ಹೋಗಿ ಮತ್ತೆ ನಿಂತಿತು. ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊಸ ಕ್ರೆಡಿಟ್ ಕಾರ್ಡು ಗಿರಾಕಿಗಳನ್ನು ತೆಗೆದುಕೊಳ್ಳಬೇಡಿ, ಹೊಸ ಡಿಜಿಟಲ್ ಯೋಜನೆ ಶುರು ಮಾಡಬೇಡಿ ಅಂತ ತಡೆ ಹಾಕಿತು. ನಿಮ್ಮ ನಿರ್ದೇಶಕ ಮಂಡಳಿಯೇ ಲೋಪ ಪರಿಶೀಲಿಸಿ ಹೊಣೆ ಯಾರದು ಅಂತ ಗೊತ್ತುಮಾಡಲಿ ಅಂತಲೂ ಹೇಳಿತು. ತಡೆ ಪೂರ್ತಿ ತೆರವಾಗಿದ್ದು 2022ರ ಮಾರ್ಚಿನಲ್ಲಿ. ಆಮೇಲೆ 2023ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ವಾಣಿಜ್ಯ ಬ್ಯಾಂಕುಗಳ ನಿರ್ದೇಶಕ ಮಂಡಳಿಯಲ್ಲೇ ಮಾಹಿತಿ ತಂತ್ರಜ್ಞಾನಕ್ಕೆ ಅಂತ ಒಂದು ಸಮಿತಿ ಇರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಮ್ಮ ಹಾಲಿನ ಸಂಘಕ್ಕೆ ಆ ಕಾನೂನು ಅನ್ವಯಿಸೋದಿಲ್ಲ. ಆದರೆ ಕರೆಂಟು ಹೋದರೆ ನಿಲ್ಲೋದು ಅವರದ್ದೂ ಒಂದೇ, ನಮ್ಮದೂ ಒಂದೇ.

ನಾವು ಏನು ಮಾಡಿಕೊಂಡಿದ್ದೀವಿ ಅಂತ ನಿಮಗೆ ಗೊತ್ತಿರಬೇಕು. ತೊಳೆಯೋ ಕ್ರಮವನ್ನು ಕನ್ನಡದಲ್ಲಿ ಬರೆಸಿ ಗೋಡೆಗೆ ಅಂಟಿಸಿದೆ. ವಾರಕ್ಕೊಂದು ದಿನ, ಯಾವ ದಿನ ಅಂತ ಮೊದಲೇ ಹೇಳದೆ, ಹತ್ತು ಜನರ ಹಾಲನ್ನು ಹಳೇ ವಿಧಾನದಲ್ಲೂ ಪರೀಕ್ಷಿಸಿ ಎರಡನ್ನೂ ಪಕ್ಕಪಕ್ಕ ಬರೀತೀವಿ. ಕೊನೆಯಲ್ಲಿ ಬರೋರು ಇಬ್ಬರಾದರೂ ಅದರಲ್ಲಿ ಇರಲೇಬೇಕು. ಕಂಪ್ಯೂಟರಿನಲ್ಲಿ ಕೈಯಿಂದ ತಿದ್ದಿದ ಅಂಕಿಗಳ ಪಟ್ಟಿ ಪ್ರತಿ ತಿಂಗಳು ಸಮಿತಿ ಮುಂದೆ ಬರುತ್ತೆ. ಮೊದಮೊದಲು ಕಾರ್ಯದರ್ಶಿಗಳಿಗೆ ಬೇಜಾರಾಗಿತ್ತು, ನನ್ನ ಮೇಲೆ ನಂಬಿಕೆ ಇಲ್ಲವಾ ಅಂದರು. ಸ್ವಾಮಿ, ನಾಳೆ ನಿಮ್ಮ ಮೇಲೇ ಯಾರಾದರೂ ಬೆರಳು ತೋರಿಸಿದರೆ ಆ ಪಟ್ಟಿಯೇ ನಿಮ್ಮನ್ನ ಕಾಯೋದು ಅಂದೆ. ಈಗ ಅವರೇ ಮುಂದೆ ನಿಂತು ಓದ್ತಾರೆ.

ಇನ್ನೂ ಆಗದೆ ಉಳಿದದ್ದೂ ಇದೆ. ಯು.ಪಿ.ಎಸ್. ಬ್ಯಾಟರಿ ಮುದಿಯಾಗಿದೆ, ಇಪ್ಪತ್ತು ನಿಮಿಷವೂ ನಿಲ್ಲಲ್ಲ. ಲೆಕ್ಕದ ಇನ್ನೊಂದು ಪ್ರತಿಯನ್ನು ಸಂಘದ ಕಟ್ಟಡದ ಹೊರಗೆ ಇಡಬೇಕು ಅಂತ ಎರಡು ವರ್ಷದಿಂದ ಮಾತಾಡ್ತಾ ಇದ್ದೀವಿ, ಅಷ್ಟೇ. ಈಗ ಹೊಸದಾಗಿ ಒಬ್ಬರು ಬಂದು, ಲೆಕ್ಕ ಎಲ್ಲಾ ಮೊಬೈಲಿನಲ್ಲೇ ಬರೋ ಹಾಗೆ ಮಾಡಿಕೊಡ್ತೀವಿ, ಮೊದಲ ವರ್ಷ ದುಡ್ಡು ಬೇಡ ಅಂತಿದ್ದಾರೆ. ದುಡ್ಡು ಬೇಡ ಅಂದ ಕೂಡಲೇ ಸಮಿತಿಯಲ್ಲಿ ಮೂರು ಜನ ಸಹಿಗೆ ಪೆನ್ನು ತೆಗೆದರು. ನಾನು ತಡೆದೆ. ಎರಡನೇ ವರ್ಷ ಎಷ್ಟು? ನಮ್ಮ ಸದಸ್ಯರ ಹೆಸರು, ಬ್ಯಾಂಕ್ ಖಾತೆ ನಂಬರು ಯಾರ ಹತ್ತಿರ ಇರುತ್ತೆ? ನಾಳೆ ಬೇಡ ಅಂತ ಬಿಟ್ಟರೆ ಹಳೇ ಲೆಕ್ಕ ಪೂರ್ತಿ ನಮ್ಮ ಕೈಗೆ ಕೊಡ್ತಾರಾ? ಮೊಬೈಲು ಇಲ್ಲದ ಮುದುಕಿಗೆ ಚೀಟಿ ಬರುತ್ತಾ? ಈ ನಾಲ್ಕಕ್ಕೆ ಬರಹದಲ್ಲಿ ಉತ್ತರ ಕೊಡಿ ಅಂತ ಕೇಳಿದ್ದೀವಿ. ಇನ್ನೂ ಬಂದಿಲ್ಲ. ಬಂದ ಮೇಲೆ ಅದನ್ನು ಮಹಾಸಭೆಯಲ್ಲಿ ನಿಮ್ಮ ಮುಂದೆ ಓದುತ್ತೀವಿ. ಕೈ ಎತ್ತೋದು ಬಿಡೋದು ನಿಮಗೆ ಸೇರಿದ್ದು.

ಎರಡೂ ವಿಧಾನದ ಪರೀಕ್ಷೆ ಬರೆದ ಪುಸ್ತಕವನ್ನು ಆ ಕಡೆ ಮೇಜಿನ ಮೇಲೆ ಇಡಿಸಿದ್ದೀನಿ. ಊಟದ ಎಲೆ ಹಾಕೋದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ, ಅಷ್ಟರಲ್ಲಿ ನಿಮ್ಮ ನಿಮ್ಮ ನಂಬರು ಹುಡುಕಿ ನೋಡಿಕೊಳ್ಳಿ. ಕನ್ನಡಕ ತರದವರಿಗೆ ಪರೀಕ್ಷಕರು ಓದಿ ಹೇಳ್ತಾರೆ.